ತೆಗೆದ ಫೋಟೊ

ಪೀಣ್ಯ ಎರಡನೇ ಹಂತ
೬ ಜನವರಿ ೨೦೨೫

ವೇಣಿ,

ಅಪ್ಪನ ಅಕ್ಷರ ನೋಡಿ ಗಾಬರಿಯಾಗಬೇಡ. ಫೋನು ಮಾಡಿದರೆ ನನಗೆ ಕೇಳಿಸುವುದಿಲ್ಲ, ಮೊಬೈಲಿನಲ್ಲಿ ಟೈಪು ಮಾಡಲು ಬರುವುದಿಲ್ಲ. ವಯಸ್ಸೆಲ್ಲಾ ತಗಡು ಒತ್ತುವ ಪವರ್ ಪ್ರೆಸ್ಸಿನ ಪಕ್ಕ ನಿಂತು ಕಳೆದ ಕಿವಿ ಇದು. ಎದುರಿಗೆ ನಿಂತವರ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತೇನೆ, ಉಳಿದರ್ಧ ನಾನೇ ಸೇರಿಸಿಕೊಳ್ಳುತ್ತೇನೆ. ಹಾಗಾಗಿ ಪೋಸ್ಟ್ ಆಫೀಸೇ ಗತಿ. ಕವರು ಕೇಳಿದರೆ ಕೌಂಟರಿನ ಹುಡುಗಿ ನನ್ನನ್ನು ಮ್ಯೂಸಿಯಮ್ಮಿನಿಂದ ಎದ್ದು ಬಂದವನ ಹಾಗೆ ನೋಡಿದಳು.

ವಿಷಯ ಇಷ್ಟೇ. ಬಲದವಡೆಯಲ್ಲಿ ಒಂದು ಗಂಟು ಎದ್ದಿತ್ತು. ಹಲ್ಲಿನದು ಅಂದುಕೊಂಡು ಲವಂಗ ಕಚ್ಚಿಕೊಂಡು ದಿನ ದೂಡಿದೆ. ಬಾಯಿ ಪೂರ್ತಿ ತೆಗೆಯಲು ಆಗದೆ ಮುದ್ದೆ ನುಂಗುವುದೇ ಕಷ್ಟವಾದಾಗ ಶೇಖವ್ವ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕ್ಯಾನ್ಸರ್ ಅಂದರು. ರಾತ್ರಿ ಪಾಳಿಯಲ್ಲಿ ನಿದ್ದೆ ಬರದಿರಲಿ ಅಂತ ಹೊಗೆಸೊಪ್ಪು ಹಾಕಿಕೊಂಡೆನಲ್ಲ, ಅದರ ಇನಾಮು. ದವಡೆಯ ಆ ಭಾಗ ತೆಗೆದು, ಎದೆಯ ಮಾಂಸ ತಂದು ಅಲ್ಲಿ ಹಚ್ಚುತ್ತಾರಂತೆ. ಶಿವರಾತ್ರಿ ಕಳೆದ ಮೇಲೆ ದಿನ ಕೊಡುತ್ತೇವೆ ಅಂದಿದ್ದಾರೆ. ಆಮೇಲೆ ಮುಖ ಈಗಿನ ಹಾಗೆ ಇರುವುದಿಲ್ಲ ಅಂತ ಡಾಕ್ಟರು ಬಿಳಿ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಅವರ ಚಿತ್ರದಲ್ಲೇ ನಾನು ಚೆನ್ನಾಗಿ ಕಾಣಲಿಲ್ಲ.

ಅದಕ್ಕೆ ಮುಂಚೆ ನನ್ನದೊಂದು ಒಳ್ಳೆಯ ಫೋಟೊ ಬೇಕು. ನೀನೇ ತೆಗೆಯಬೇಕು. ಆಧಾರ್ ಕಾರ್ಡಿನಲ್ಲಿ ಪೊಲೀಸರು ಹುಡುಕುತ್ತಿರುವವನ ಹಾಗಿದ್ದೇನೆ, ಅದೊಂದೇ ಉಳಿಯುವುದು ಬೇಡ. ಗೋಡೆಗೆ ಹಾರ ಹಾಕಿ ಇಡಲು ಕೇಳುತ್ತಿದ್ದೇನೆ ಅಂತ ತಿಳಿಯಬೇಡ. ಈ ಮುಖ ಹೇಗಿತ್ತು ಅಂತ ನನಗೇ ಮರೆತುಹೋದರೆ ಏನು ಮಾಡಲಿ ಅಂತ ಭಯ. ಬೇರೆ ಭಯ ಅಷ್ಟಾಗಿ ಇಲ್ಲ.

ನೀನು ಮನೆಗೆ ಬರುವುದು ಬಿಟ್ಟೆ. ಆ ಮಾತು ಈಗ ಎತ್ತುವುದಿಲ್ಲ.

ನಿನ್ನ ಅಪ್ಪ,
ಸಿದ್ದರಾಜು


ಕಾಡುಗೋಡಿ
೧೩ ಜನವರಿ ೨೦೨೫

ಅಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ಓದಿ ಸ್ಟುಡಿಯೋದ ಶಟರ್ ಎಳೆದು ಒಳಗೆ ಕುಳಿತೆ. ಅದಕ್ಕಿಂತ ಹೆಚ್ಚು ಆ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ನೀವು ಎತ್ತದ ಮಾತನ್ನು ನಾನು ಎತ್ತುತ್ತೇನೆ, ಮನಸ್ಸಿನಲ್ಲಿಟ್ಟುಕೊಂಡು ಕ್ಯಾಮೆರಾ ಹಿಡಿದರೆ ಫೋಟೊ ಸರಿ ಬರುವುದಿಲ್ಲ. ಹೋದ ವರ್ಷದ ಹಿಂದಿನ ದೀಪಾವಳಿಗೆ ಹೋಳಿಗೆ ಹಿಡಿದುಕೊಂಡು ಬಂದಾಗ ನಡುಮನೆಯ ಗೋಡೆಯಲ್ಲಿ ಅಮ್ಮ ಇರಲಿಲ್ಲ. ಫೋಟೊ ಇದ್ದ ಜಾಗದಲ್ಲಿ ಬಿಳಿ ಚೌಕ ಮಾತ್ರ ಇತ್ತು. ಎಲ್ಲಿ ಅಂತ ಕೇಳಿದರೆ ನೀವು ನೆಲ ನೋಡಿಕೊಂಡು, ‘ಶೇಖವ್ವ ತೆಗಿ ಅಂದ್ಳು, ತೆಗೆದೆ’ ಅಂದಿರಿ. ಅಮ್ಮ ತೀರಿಕೊಂಡ ಮೇಲೆ ನೀವು ಇನ್ನೊಂದು ಮದುವೆಯಾಗಿದ್ದಕ್ಕೆ ನಾನು ಒಂದು ಮಾತೂ ಆಡಿರಲಿಲ್ಲ. ಅಗರಬತ್ತಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವ ಒಂಟಿ ಹೆಂಗಸು, ಒಂಟಿಯಾದ ಅಪ್ಪ, ಒಬ್ಬರಿಗೊಬ್ಬರು ಆಗಲಿ ಅಂದುಕೊಂಡಿದ್ದೆ. ಆದರೆ ಅದು ನಾನು ಕ್ಯಾಮೆರಾ ಹಿಡಿದು ತೆಗೆದ ಮೊದಲ ಫೋಟೊ. ಸೌತೆಕಾಯಿ ಹೆಚ್ಚುತ್ತಾ ಕೂತಿದ್ದ ಅಮ್ಮ ‘ಹೋಗೇ, ತಲೆ ಬಾಚಿಲ್ಲ’ ಅಂತ ನಗುವಾಗ ಹಿಡಿದದ್ದು. ಬಂದವರು ಬೇಡ ಅಂದ ಕೂಡಲೇ ಇಳಿಸಿಬಿಡುವಂಥದ್ದಾಗಿತ್ತೇ ಅದು?

ಇನ್ನು ನಿಮ್ಮ ಫೋಟೊ. ಪ್ರೊಫೈಲ್ ಫೋಟೊಗೆ ಬರುವ ಐಟಿ ಹುಡುಗರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ತಲೆಗೆ ಬಣ್ಣ ಹಚ್ಚುವುದಿದ್ದರೆ ಒಂದು ವಾರ ಮೊದಲೇ ಹಚ್ಚಿ, ಇಲ್ಲದಿದ್ದರೆ ಹಣೆಯ ಅಂಚಿನಲ್ಲಿ ಕರಿ ಕಾಣುತ್ತದೆ. ಹಚ್ಚದಿದ್ದರೆ ಇನ್ನೂ ಒಳ್ಳೆಯದು. ಗಡ್ಡ ಹಿಂದಿನ ಸಂಜೆ ಬೋಳಿಸಿ, ಅವತ್ತೇ ಬೋಳಿಸಿದರೆ ಚರ್ಮ ಕೆಂಪಗಿರುತ್ತದೆ. ಮುಖಕ್ಕೆ ಎಣ್ಣೆ, ಪೌಡರ್ ಬೇಡ. ಸಣ್ಣ ಗೆರೆಯ ಅಂಗಿ ಬೇಡ, ಅಚ್ಚ ಬಿಳಿಯೂ ಬೇಡ. ನಿಮ್ಮ ಹತ್ತಿರ ಒಂದು ಕಂದು ಅಂಗಿ ಇತ್ತಲ್ಲ, ಅದು ಆಗುತ್ತದೆ. ಹಿಂದಿನ ರಾತ್ರಿ ನಿದ್ದೆ ಮಾಡಿ. ಎಡಗೈಯನ್ನು ಜೇಬಿನಲ್ಲಿ ಬಚ್ಚಿಡಬೇಡಿ, ಎರಡು ಬೆರಳನ್ನು ಪ್ರೆಸ್ಸು ತಿಂದದ್ದು ಊರಿಗೆಲ್ಲ ಗೊತ್ತು. ಊತ ಕಾಣದ ಹಾಗೆ ಕೂರಿಸುವುದು ನನ್ನ ಕೆಲಸ.

ವೇಣಿ


ಪೀಣ್ಯ
೨೨ ಜನವರಿ ೨೦೨೫

ವೇಣಿ,

‘ನೀವು’ ಅಂತ ಬರೆದಿದ್ದೀಯ. ಇದ್ಯಾವಾಗಿನಿಂದ? ಹೆಗಲ ಮೇಲೆ ಕೂತು ನನ್ನ ಕೂದಲು ಎಳೆಯುತ್ತಾ ‘ಲೋ ಅಪ್ಪ’ ಅಂದವಳು ನೀನು. ಗಿರಾಕಿಗೆ ಬರೆದ ಹಾಗೆ ಬರೆದಿದ್ದೀಯ, ಆಗಲಿ, ಗಿರಾಕಿಯಾಗಿಯೇ ಬರುತ್ತೇನೆ.

ತಲೆಗೆ ಬಣ್ಣ ಹಚ್ಚಬೇಡ ಅಂದದ್ದು ಸರಿ. ಹಚ್ಚುವಷ್ಟು ಕೂದಲಿದ್ದರೆ ತಾನೆ? ಕಂದು ಅಂಗಿಯ ಕಾಲರು ಸವೆದಿತ್ತು, ಶೇಖವ್ವ ಬಿಚ್ಚಿ ಮಗುಚಿ ಹೊಲಿದಳು. ಗಡ್ಡದ ವಿಷಯ ಕ್ಷೌರದ ಯಮನಪ್ಪನಿಗೆ ಹೇಳಿದೆ. ‘ಏನ್ ಸಿದ್ದಣ್ಣ, ಹೆಣ್ಣು ನೋಡಾಕ ಹೊಂಟೀರೇನ?’ ಅಂದ. ‘ಈ ಸಲ ಮಗಳನ್ನ ನೋಡಕ್ಕೆ ಓಗ್ತಿರೋದು ಕಣಪ್ಪ’ ಅಂದೆ. ಕೈ ಜೇಬಿನಲ್ಲಿ ಇಡದೆ ಕೂರುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ. ಆ ಕೈಯನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ, ಬೇರೆ ಯಾರದೋ ಕೈ ಎರವಲು ತಂದ ಹಾಗಿದೆ.

ಗೋಡೆಯ ವಿಷಯ ಕೇಳಿದ್ದೀಯ, ಹೇಳುತ್ತೇನೆ. ಶೇಖವ್ವ ಬಂದ ಹೊಸದರಲ್ಲಿ ಒಂದು ದಿನ ಗೋಡೆಗೆ ಬೆರಳು ತೋರಿಸಿ ತೆಗಿ ಅಂದಳು. ನನಗೆ ಇಷ್ಟವಿರಲಿಲ್ಲ. ಆದರೂ ಬೇರೆ ಸಂಸಾರ ಕಂಡು ನೊಂದು ಬಂದವಳು, ದಿನಾ ಬೆಳಿಗ್ಗೆ ಎದ್ದು ಇನ್ನೊಬ್ಬಳ ಮುಖ ನೋಡು ಅಂತ ಹೇಗೆ ಹೇಳಲಿ? ತೆಗೆದು ಟ್ರಂಕಿನಲ್ಲಿ ನಿನ್ನಮ್ಮನ ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟೆ. ಆಮೇಲೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಟ್ರಂಕು ತೆರೆಯುವಾಗಲೆಲ್ಲ ನಿನ್ನಮ್ಮ ಮುನಿಯಕ್ಕ ನನ್ನನ್ನು ಬೈಯುತ್ತಾಳೆ ಅನ್ನಿಸುತ್ತದೆ.

ಒಂದು ಕೋರಿಕೆ. ಶೇಖವ್ವನೂ ನನ್ನ ಜೊತೆ ಬರಲಿ. ಒಂದು ಫೋಟೊದಲ್ಲಿ ಅವಳೂ ಪಕ್ಕದಲ್ಲಿ ಕೂರಲಿ. ಆಸ್ಪತ್ರೆಯ ಸಾಲಿನಲ್ಲಿ ದಿನವಿಡೀ ನನ್ನ ಪರವಾಗಿ ನಿಲ್ಲುವವಳು ಅವಳೇ.

ನಿನ್ನ ಅಪ್ಪ


ಕಾಡುಗೋಡಿ
೩೦ ಜನವರಿ ೨೦೨೫

ಅಪ್ಪನವರಿಗೆ,

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಬನ್ನಿ. ಅವತ್ತು ಬೇರೆ ಗಿರಾಕಿ ಹಿಡಿದಿಲ್ಲ. ಮೆಟ್ರೋದಲ್ಲಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ ಕೊನೆಯ ನಿಲ್ದಾಣ ಕಾಡುಗೋಡಿಯೇ, ಇಳಿದರೆ ನನ್ನ ಬೋರ್ಡು ಕಾಣುತ್ತದೆ. ಬೆಳಗಿನ ಬಿಸಿಲು ಪೂರ್ವದ ಕಿಟಕಿಯಿಂದ ಚೆನ್ನಾಗಿ ಬರುತ್ತದೆ, ಫ್ಲ್ಯಾಶ್ ಇಲ್ಲದೆ ತೆಗೆಯುವ ಆಸೆ ನನಗೆ.

ಒಬ್ಬರೇ ಬನ್ನಿ. ಅಮ್ಮನ ಮುಖವನ್ನು ಗೋಡೆಯಿಂದ ಇಳಿಸಿದವರ ಮುಖವನ್ನು ನನ್ನ ಕ್ಯಾಮೆರಾ ತೆಗೆಯುವುದಿಲ್ಲ. ಇದು ಕೋಪದಲ್ಲಿ ಬರೆದದ್ದಲ್ಲ, ಎರಡು ಸಲ ಹರಿದು ಹಾಕಿ ಮೂರನೇ ಸಲ ಬರೆದದ್ದು.

ವೇಣಿ


ಕಾಡುಗೋಡಿ
೧೦ ಫೆಬ್ರವರಿ ೨೦೨೫

ಅಪ್ಪನವರಿಗೆ,

ನೀವು ಬರಲಿಲ್ಲ. ಬೂದು ಪರದೆ ಇಸ್ತ್ರಿ ಮಾಡಿ ಕಟ್ಟಿದ್ದೆ. ನಿಮ್ಮ ಸೊಂಟಕ್ಕೆ ಆಗುವಂಥ ಸ್ಟೂಲು ಪಕ್ಕದ ಹೋಟೆಲಿನಿಂದ ತಂದಿದ್ದೆ. ನೀವು ಅಗಿಯಲಾರಿರಿ ಅಂತ ರಾಗಿ ಗಂಜಿ ಮಾಡಿ ಫ್ಲಾಸ್ಕಿಗೆ ಹಾಕಿಟ್ಟಿದ್ದೆ. ಬಿಸಿಲು ಕಿಟಕಿ ದಾಟಿ ಹೋಗುವವರೆಗೂ ಕಾದೆ.

ನಾನು ಹೇಳಿದ ಒಂದು ಮಾತಿಗಾಗಿ ಬರಲಿಲ್ಲ ಅಂದರೆ, ನಿಮಗೆ ಯಾರು ಹೆಚ್ಚು ಅಂತ ತಿಳಿದ ಹಾಗಾಯಿತು. ಇನ್ನು ನಿಮ್ಮ ಇಷ್ಟ.

ವೇಣಿ


ಪೀಣ್ಯ
೧೨ ಫೆಬ್ರವರಿ ೨೦೨೫

ವೇಣಿ,

ನಾನು ಬಂದಿದ್ದೆ.

ನಿನ್ನ ಕಾಗದ ಶೇಖವ್ವನಿಗೆ ತೋರಿಸಿರಲಿಲ್ಲ. ಅಷ್ಟು ದೂರ ಒಬ್ಬನನ್ನೇ ಕಳಿಸಲು ಅವಳು ಒಪ್ಪಲಿಲ್ಲ. ಮುಖದ ಬಲಭಾಗ ಆಗಲೇ ಸುತ್ತಿಗೆ ಬಡಿದ ಹಾಗೆ ನೋಯುತ್ತಿತ್ತು. ರೈಲಿನಲ್ಲಿ ಯಾರೋ ಎದ್ದು ಜಾಗ ಕೊಟ್ಟರೆ ಅವಳು ಕೂರದೆ ನನ್ನ ಅಂಗಿ ಸುಕ್ಕಾಗದ ಹಾಗೆ ಹಿಡಿದುಕೊಂಡು ನಿಂತಳು. ಕಾಡುಗೋಡಿಯಲ್ಲಿ ಇಳಿದು ನೋಡಿದರೆ ನಿನ್ನ ಬೋರ್ಡು ಎದುರಿಗೇ ಇತ್ತು. ಆಗ ಹೇಳಬೇಕಾಯಿತು, ಅವಳು ನಿನ್ನ ಸ್ಟುಡಿಯೋಗೆ ಬರುವ ಹಾಗಿಲ್ಲ ಅಂತ. ‘ಹೌದ್ರಿ? ಹಂಗಾರ ನಾ ಇಲ್ಲೇ ಕೂಡ್ತೇನಿ, ನೀವು ಹೋಗಿ ಬರ್ರಿ’ ಅಂದು ನಿಲ್ದಾಣದ ಮೆಟ್ಟಿಲ ಕೆಳಗೆ ಸೆರಗು ಹಾಸಿ ಕೂತಳು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಅವಳನ್ನು ಬಿಟ್ಟು ಬರಬಹುದಿತ್ತೇನೋ. ನಾನೂ ಪಕ್ಕದಲ್ಲಿ ಕೂತೆ. ನಿನ್ನ ಅಂಗಡಿಯ ಶಟರ್ ಮೇಲಿತ್ತು, ನೀನು ಎರಡು ಸಲ ಹೊರಗೆ ಬಂದು ರಸ್ತೆ ನೋಡಿದೆ. ಬಡವಾಗಿದ್ದೀಯ.

ಆಪರೇಷನ್ನಿನ ದಿನ ಮುಂದಕ್ಕಲ್ಲ, ಹಿಂದಕ್ಕೆ ಬಂದಿದೆ. ಗಂಟು ಬೇಗ ಬೆಳೆಯುತ್ತಿದೆಯಂತೆ, ಶಿವರಾತ್ರಿವರೆಗೆ ಕಾಯಲಾಗದು ಅಂದರು. ನಾಳೆಯೇ ಸೇರಬೇಕು. ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಆ ಮುಖ ಇರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಯಮನಪ್ಪ ಅವತ್ತು ಬಹಳ ಚೆನ್ನಾಗಿ ಬೋಳಿಸಿದ್ದ.

ನಿನ್ನ ಅಪ್ಪ


ಪೀಣ್ಯ
೩ ಮಾರ್ಚ್ ೨೦೨೫

ವೇಣಿ ಅವರಿಗೆ ಶೇಖವ್ವ ಮಾಡುವ ನಮಸ್ಕಾರ.

ನಾ ಏಳನೇತ್ತ ತನಕ ಕಲತಾಕಿ, ಮಾತಾಡೂ ಹಂಗ ಬರದೇನಿ, ತಪ್ಪಿದ್ದರ ಒಪ್ಪಗೊಳ್ರಿ. ನಿಮ್ಮ ನಂಬರಿಗೆ ಭಾಳ ಸಲ ಫೋನ್ ಹಚ್ಚಿದ್ನಿ, ನೀವು ಎತ್ತಲಿಲ್ಲ. ಅದಕ್ಕ ಈ ಕಾಗದ.

ನಿಮ್ಮ ಅಪ್ಪಾರ ಆಪರೇಷನ್ ಆತ್ರಿ. ಮನಿಗೆ ಕರಕೊಂಡ ಬಂದೇನಿ. ಮಾತು ಬರೂದಿಲ್ಲ, ಮೂಗಿನ ನಳಿಗಿಯಾಗ ಗಂಜಿ ಹಾಕ್ತೇನಿ. ಮನ್ಯಾಗಿನ ಕನ್ನಡಿಗೆ ಟವೆಲ್ ಹೊಚ್ಚ್ಯಾರ. ನೀವು ವಾರ್ಡಿನ ಬಾಗಲ ತನಕ ಬಂದಿದ್ರಿ, ನಾ ನೋಡಿದ್ನಿ. ನಾ ಗಂಜಿ ಹಾಕೂದು ನೋಡಿ ಹೊಳ್ಳಿ ಹೋದ್ರಿ. ಕೂಗೋಣು ಅಂದ್ರ ಕೈಯಾಗ ನಳಿಗಿ ಇತ್ತು. ಇವ್ರಿಗೆ ಹೇಳಿಲ್ಲ, ಹೇಳಿದ್ರ ಅಳ್ತಾರ, ಹೊಲಿಗಿಗೆ ಅಳು ಛಲೋದಲ್ಲ.

ಈ ಕಾಗದದ ಸಂಗಾಟ ಅಕ್ಕಾರ ಫೋಟೊ ಕಳಿಸೇನಿ. ನಮ್ಮ ಓಣಿ ಮುತ್ತಣ್ಣ ನಿಮ್ಮ ಕಡೆ ಕುಂದಲಹಳ್ಳಿಗೆ ಬಿಲ್ಡಿಂಗ್ ಕೆಲಸಕ್ಕ ಬರ್ತಾನ, ಅವನ ಕೈಲೆ ಕೊಟ್ಟೇನಿ. ಗ್ಲಾಸ್ ಐತಿ, ಜ್ವಾಕಿ. ನಾ ಈ ಮನಿಗೆ ಬಂದಾಗಲೇ ನೋಡಿದ್ನಿ, ಗ್ವಾಡಿ ತಂಪಿಗೆ ಫೋಟೊದಾಗ ಬೂಸ್ಟು ಹಿಡಿದು ಅಕ್ಕಾರ ಗದ್ದದ ತನಕ ಏರಿತ್ತು. ಮಾರಿಗೆ ಬಂದ್ರ ಹ್ಯಾಂಗ? ‘ಅಕ್ಕಾರ ಫೋಟೊ ತಗಸ್ರೀ, ಮಗಳ ಕಡಿಂದ ಹೊಸಾದು ತಗಸ್ರೀ’ ಅಂತ ಇವ್ರಿಗೆ ಬೆರಳ ಮಾಡಿ ಹೇಳಿದ್ನಿ. ಅವತ್ತೇ ಗ್ವಾಡಿಯಿಂದ ತಗದು ಟ್ರಂಕಿನಾಗ ಇಟ್ರು. ನಿಮ್ಮ ಕಡೆ ಒಯ್ಯಾಕ ಇಟ್ಟಾರ ಅಂದ್ಕೊಂಡ್ನಿ. ಒಯ್ಯಲಿಲ್ಲ. ಅಕ್ಕಾರ ಮ್ಯಾಲ ಜೀವ ಭಾಳ, ನೋಡಿದ್ರ ಸಂಕಟ ಆಗ್ತೈತಿ ಅಂತ ಮುಚ್ಚಿಟ್ಟಾರೇನೋ, ನಾ ಹೊಸಬಾಕಿ ಹ್ಯಾಂಗ ಕೇಳಲಿ ಅಂತ ಸುಮ್ಮನಾದ್ನಿ. ಈಗ ಟ್ರಂಕ್ ತಗದು ನೋಡಿದ್ರ ಬೂಸ್ಟು ಎಡಗಣ್ಣಿನ ತನಕ ಬಂದೈತಿ.

ನಿಮ್ಮ ಕೈಲೆ ಆದ್ರ ಅಕ್ಕಾರ ಮಾರಿ ಉಳಸ್ರಿ. ಇವ್ರ ಮಾರಿ ಅಂತೂ ನಮ್ಮ ಕೈಲೆ ಉಳಸೂದು ಆಗಲಿಲ್ಲ.

ಇತಿ ನಿಮ್ಮ,
ಶೇಖವ್ವ


ಕಾಡುಗೋಡಿ
೧೪ ಮಾರ್ಚ್ ೨೦೨೫

ಅಪ್ಪ,

ನೀನು ಈ ಕಾಗದವನ್ನು ಓದಿ ಮುಗಿಸಿದ ಮೇಲೆ ಶೇಖವ್ವ ಚಿಕ್ಕಮ್ಮನಿಗೆ ಕೊಡು. ಅವರ ಎದುರಿಗೆ ಕೂತು ಹೇಳುವ ಧೈರ್ಯ ಬರುವ ತನಕ ಕಾಗದವೇ ಹೇಳಲಿ.

ಅವರು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಅಮ್ಮನ ಫೋಟೊವನ್ನು ನೀನು ಗೋಡೆಯಿಂದ ತೆಗೆಯಬೇಕು ಅಂತ ಅವರು ಹೇಳಿದ್ದಲ್ಲ. ಬೂಸ್ಟು ಹಿಡಿದಿದೆ, ವೇಣಿಯ ಕೈಯಿಂದ ಹೊಸದಾಗಿ ತೆಗೆಸಿ ಅಂತ ಹೇಳಿದ್ದು. ನೀನು ತುಟಿ ನೋಡಿದೆ, ಬೆರಳು ನೋಡಿದೆ, ‘ತೆಗಿ’ ಅಂತ ತಿಳಿದುಕೊಂಡೆ. ಬೆಳಗಿನಿಂದ ಸಂಜೆಯವರೆಗೆ ‘ಮೇಡಂ ಫೋಟೊ ತೆಗೀರಿ’ ಅನ್ನುವುದನ್ನೇ ಕೇಳಿ ಹೊಟ್ಟೆ ಹೊರೆಯುವವಳು ನಾನು. ‘ತೆಗಿ ಅಂದ್ಳು, ತೆಗೆದೆ’ ಅಂತ ನೀನು ಹೇಳಿದಾಗ ನನಗೂ ಹೊಳೆಯಲಿಲ್ಲ. ಆ ಬಿಳಿ ಚೌಕ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನಿನ್ನ ಮುಖ ಹಿಡಿದಿಡಲು ಇದ್ದದ್ದು ಒಂದೇ ಬೆಳಗು. ನೀನು ಮೆಟ್ಟಿಲ ಕೆಳಗೆ, ನಾನು ಬಾಗಿಲಲ್ಲಿ. ನೆನೆಸಿಕೊಂಡರೆ ಅನ್ನ ಸೇರುವುದಿಲ್ಲ ಅಪ್ಪ. ಗಿರಾಕಿಗಳ ಮುಂದೆ ‘ಸ್ವಲ್ಪ ನಗಿ ಸಾರ್’ ಅನ್ನುತ್ತೇನೆ, ಬಟನ್ ಒತ್ತುವುದನ್ನೇ ಮರೆಯುತ್ತೇನೆ.

ಅಮ್ಮನ ಫೋಟೊವನ್ನು ಗ್ಲಾಸಿನಿಂದ ಬಿಡಿಸಿದೆ. ಬೇಗ ಎಳೆದರೆ ಬಣ್ಣವೇ ಗ್ಲಾಸಿಗೆ ಅಂಟಿಕೊಂಡು ಬರುತ್ತಿತ್ತು, ಹೆದರಿ ಹೆದರಿ ಬಿಡಿಸಿದೆ. ಅದನ್ನಿಟ್ಟು ಮತ್ತೆ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬೂಸ್ಟು ಅಳಿಸಿದೆ. ಎಡಗಣ್ಣಿನ ಮೂಲೆ ಪೂರ್ತಿ ಸಿಗಲಿಲ್ಲ, ಬಲಗಣ್ಣನ್ನು ನೋಡಿಕೊಂಡು ಸರಿ ಮಾಡಿದ್ದೇನೆ. ನಗು ಮಾತ್ರ ಹೇಗಿತ್ತೋ ಹಾಗೇ ಇದೆ, ಅದಕ್ಕೆ ನಾನು ಕೈ ಹಚ್ಚಲಿಲ್ಲ.

ಮುಂದಿನ ಭಾನುವಾರ ನಾನೇ ಬರುತ್ತೇನೆ, ಬಾಗಿಲು ತೆಗೆದಿಡು. ಬೂದು ಪರದೆ, ದೀಪ ಎಲ್ಲ ಹೊತ್ತು ತರುತ್ತೇನೆ. ಗೋಡೆಗೆ ಬೇಕಾದ ಮೊಳೆ, ಸುತ್ತಿಗೆಯನ್ನೂ ತರುತ್ತೇನೆ. ಹಿಂದೆ ಹೇಳಿದ್ದನ್ನೆಲ್ಲ ಮರೆತುಬಿಡು. ಗಡ್ಡ ಬೋಳಿಸಬೇಡ, ಹೊಲಿಗೆಯ ಮೇಲೆ ಕತ್ತಿ ಆಡಬಾರದು. ಕನ್ನಡಿಯ ಟವೆಲ್ ಇರಲಿ, ನಾನು ಕೇಳುವುದಿಲ್ಲ. ಮೂಗಿನ ನಳಿಕೆಯೂ ಇರಲಿ. ಕಂದು ಅಂಗಿ ಮಾತ್ರ ಹಾಕಿಕೋ. ನಿನಗೆ ಬೇಡವಾದರೆ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ, ಅಪ್ಪನನ್ನು ನೋಡಿಕೊಂಡು ಬರುತ್ತೇನೆ.

ನಿನ್ನ,
ವೇಣಿ


ಪೀಣ್ಯ
೧೯ ಮಾರ್ಚ್ ೨೦೨೫

ಮಗಳೇ,

ಕಾಗದ ಇಬ್ಬರೂ ಓದಿದೆವು. ಶೇಖವ್ವ ಓದಿ ಮುಗಿಸಿ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಅವಳ ಅಳು ನನಗೆ ಕೇಳಿಸುವುದಿಲ್ಲ ಅಂತ ಅವಳಿಗೆ ಗೊತ್ತು, ಆದರೂ ನಲ್ಲಿ ಬಿಟ್ಟಿದ್ದಳು.

ನಾನು ಒಂದು ಮಾತು ಕೇಳಬಹುದಿತ್ತು. ಯಾಕೆ ತೆಗೀಲಿ ಅಂತ. ಕಿವಿ ಹೋಗಿತ್ತು, ಆದರೆ ಆಗ ಬಾಯಿ ಇತ್ತು. ಕೇಳಲಿಲ್ಲ. ಈಗ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೇಳುತ್ತೇನೆ, ಗಂಜಿಗೆ ಉಪ್ಪು ಹಾಕಿದೆಯಾ ಅನ್ನುವುದನ್ನೂ.

ಈ ಮುಖ ಪ್ರೆಸ್ಸಿನ ಅಚ್ಚು ಜಾರಿ ಸೊಟ್ಟಗಾದ ತಗಡಿನ ಹಾಗಿದೆ. ಫ್ಯಾಕ್ಟರಿಯಲ್ಲಾಗಿದ್ದರೆ ಇನ್ಸ್‌ಪೆಕ್ಷನ್ ಶ್ರೀಧರ್ ರಿಜೆಕ್ಟ್ ಬುಟ್ಟಿಗೆ ಎಸೆಯುತ್ತಿದ್ದ. ನೋಡಿ ಹೆದರಬೇಡ. ಕ್ಯಾಮೆರಾ ಚೀಲದಿಂದ ಹೊರಗೆ ಬರಲಿ. ಆದರೆ ಮೊದಲು ಶೇಖವ್ವನದು ತೆಗಿ. ಹಸಿರು ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾಳೆ, ಫೆಬ್ರವರಿಯಲ್ಲಿ ಮೆಟ್ಟಿಲ ಕೆಳಗೆ ಕೂತಾಗ ಉಟ್ಟಿದ್ದೂ ಅದೇ. ಎಣ್ಣೆ ಪೌಡರ್ ಬೇಡ ಅಂತ ನಾನು ಹೇಳಿದ್ದೇನೆ, ಕೇಳುವ ಲಕ್ಷಣ ಇಲ್ಲ. ಆಮೇಲೆ ನನ್ನದು, ಎದುರಿನಿಂದಲೇ ತೆಗಿ. ಊತ ಮರೆಮಾಡುವುದು ನಿನ್ನ ಕೆಲಸ ಅಂದಿದ್ದೆಯಲ್ಲ, ಆ ಕೆಲಸ ಇನ್ನು ಬೇಡ.

ಬಾಗಿಲು ತೆಗೆದೇ ಇರುತ್ತದೆ. ಮೊಳೆ ತರಬೇಡ. ಹಳೆಯದು ಗೋಡೆಯಲ್ಲೇ ಇದೆ. ಎರಡು ವರ್ಷದಿಂದ ಅದಕ್ಕೆ ನನ್ನ ಅಂಗಿ ನೇತುಹಾಕಲೂ ಶೇಖವ್ವ ಬಿಟ್ಟಿಲ್ಲ.

ನಿನ್ನ ಅಪ್ಪ